ಹುಟ್ಟುಗುಣ ಮತ್ತು ಕರುಣೆ

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬುದು ನಮ್ಮ ಹಿರಿಯರ ಗಾದೆ. ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಈ ಹೊತ್ತು ವಿಚಾರಿಸಿ ನೋಡೋಣ.

ಸುಳ್ಳು, ವಂಚನೆ, ಹಿಂಸೆಗಳನ್ನೇ ಬಾಳಿನ ರೀತಿಯಾಗಿಸಿಕೊಂಡವರ ಸ್ಥಿತಿಯನ್ನು ಮನೋವೈದ್ಯರು ಸಮಾಜವಿರೋಧಿ ವ್ಯಕ್ತಿತ್ವದೋಷವೆನ್ನುತ್ತಾರೆ. 18 ವರ್ಷ ತುಂಬದವರಿಗೆ ಈ ಹೆಸರನ್ನು ಹಚ್ಚುವಂತಿಲ್ಲ. ಇಂಥವರೆಲ್ಲರೂ ಸೈಕೋಪಾತ್‌ಗಳಲ್ಲ. ಆ ಮಾತು ಸಲ್ಲುವುದು, ಮೇಲೆ ನಯವಿದ್ದು ಒಳಗೆ ಕರುಣೆಯಾಗಲಿ ಪಶ್ಚಾತ್ತಾಪವಾಗಲಿ ಇಲ್ಲದ ಕೆಲವರಿಗೆ ಮಾತ್ರ. ಅಮೆರಿಕದ ವೈದ್ಯ ಹಾರ್ವಿ ಕ್ಲೆಕ್ಲಿ 1941ರ ತನ್ನ ಗ್ರಂಥದಲ್ಲಿ ಇವರನ್ನು ವಿವರವಾಗಿ ಚಿತ್ರಿಸಿದನು. 1957ರಲ್ಲಿ ಡೇವಿಡ್ ಲಿಕ್ಕೆನ್ ಎಂಬ ಮನಶ್ಶಾಸ್ತ್ರಜ್ಞನು, ತಪ್ಪಿದರೆ ವಿದ್ಯುದಾಘಾತ ತಗಲುವಂಥ ಪ್ರಯೋಗವೊಂದನ್ನು ನಡೆಸಿ, ಇಂಥವರು ಆ ತಪ್ಪಿನಿಂದ ದೂರವಿರಲು ಸುಲಭವಾಗಿ ಕಲಿಯರೆಂದು ತೋರಿಸಿದನು. ಭಯದ ಕೊರತೆ ಅವರ ಹುಟ್ಟುಗುಣವೆಂಬುದು ಅವನ ವಾದ.

ಆದರೆ ನಿರ್ಭೀತಿಯೇ ದುಷ್ಟತನವೆ? ನಮ್ಮ ರಾಮನಾಥಪುರದಂಥ ಕಾವೇರಿಯ ದಡದ ಊರುಗಳಲ್ಲಿ, ತುಂಬಿದ ಹೊಳೆಗೆ ಧುಮುಕಲು ಹಾತೊರೆಯುವ ಹುಡುಗರು ಎಲ್ಲ ಕಾಲದಲ್ಲಿಯೂ ಉಂಟು. ಮುಳುಗುವವನನ್ನು ಎತ್ತಿ ತರಲು ಬೇಕಾದದ್ದೂ ಅದೇ ಎದೆಗಾರಿಕೆ. ವೀರನೂ ಕ್ರೂರಿಯೂ ಒಂದೇ ಮನೋಧರ್ಮದಿಂದ ಮೂಡಬಹುದೆಂದು ಲಿಕ್ಕೆನನೂ ಹೇಳಿದ್ದಾನೆ.

ಇಲ್ಲಿ ನನಗೆ ‘ವಡ್ಡಾರಾಧನೆ’ಯ ವಿದ್ಯುಚ್ಚೋರನು ನೆನಪಾಗುತ್ತಾನೆ. ಕಳ್ಳತನದಲ್ಲಿ ನಿಸ್ಸೀಮ, ಸಾಹಸವೇ ಅವನಿಗೆ ಸುಖ. ಅವನನ್ನು ಹಿಡಿದ ತಳಾರ ಯಮದಂಡನೋ ಬಾಲ್ಯದ ಒಡನಾಡಿ. ಬಗೆಬಗೆಯ ದಂಡನೆಗಳೂ ಕಳ್ಳನ ಬಾಯಿ ಬಿಡಿಸಲಾರದೆ ಹೋದವು. ಕೊನೆಗೆ ಅರಸನಿಂದ ಅಭಯ ಪಡೆದು ಅವನು ತಾನಾಗಿಯೇ ನಿಜವನ್ನು ನುಡಿದನು. ಗೆಳೆಯನ ಮಾತು ಸುಳ್ಳಾಗದಂತೆ ಉಳಿಸಿದನು. ಮುಂದೆ ಅದೇ ಸಹನಶಕ್ತಿ ಅವನ ತಪಸ್ಸಿಗೆ ಒದಗಿತು. ಹುಟ್ಟುಗುಣ ಅಳಿಯಲಿಲ್ಲ, ಅದರ ದಿಕ್ಕು ತಿರುಗಿತು. ಭಯವಿಲ್ಲದಿದ್ದರೂ ಅವನಲ್ಲಿ ನಂಟಿತ್ತು. ಸೈಕೋಪಾತ್‌ನಿಂದ ಅವನನ್ನು ಬೇರ್ಪಡಿಸುವುದು ಇದೇ.

1990ರ ದಶಕದಲ್ಲಿ ಗ್ರಾಜಿನಾ ಕೊಖಾನ್ಸ್ಕಾ ಎಂಬ ವಿದುಷಿ ಎಳೆಯ ಮಕ್ಕಳನ್ನು ಅಭ್ಯಸಿಸಿ ಹೇಳಿದ್ದೂ ಇದಕ್ಕೆ ಹತ್ತಿರವಾದುದು. ಅಂಜುವ ಮಗುವಿಗೆ ಮೃದುವಾದ ಶಿಸ್ತು ಸಾಕು, ಅಂತಃಸಾಕ್ಷಿ ಬೆಳೆಯುತ್ತದೆ. ಅಂಜದ ಮಗುವಿನಲ್ಲಿ ಅದನ್ನು ಬೆಳೆಸುವುದು ತಾಯಿಯೊಡನೆ ಇರುವ ಅಕ್ಕರೆಯ ಬಾಂಧವ್ಯ.

ನಮ್ಮಲ್ಲಿ ಆಗುವುದು ಇದಕ್ಕೆ ವಿರುದ್ಧ. ಹೆದರದ ಹುಡುಗನಿಗೇ ಹೆಚ್ಚು ಪೆಟ್ಟು. ಪೆಟ್ಟು ನಾಟದು, ನಂಟು ಮಾತ್ರ ಕಡಿಯುತ್ತದೆ. ‘ಪುಂಡ’ ಎಂಬ ಹೆಸರು 10 ವರ್ಷಕ್ಕೇ ಅಂಟಿದ ಬಾಲಕನಿಗೆ ಉಳಿದಿರುವ ಬಾಗಿಲು ಯಾವುದು? ಅಂಥ ಹುಡುಗ ನಿಮ್ಮ ಮನೆಯಲ್ಲಿಯೋ ಶಾಲೆಯಲ್ಲಿಯೋ ಇದ್ದರೆ, ಅವನನ್ನು ಹತ್ತಿರ ಕೂರಿಸಿಕೊಳ್ಳಿ. ಕೈತುಂಬ ಕೆಲಸ ಕೊಡಿ.