ಅವಧಿಯಿಲ್ಲದ ಸೆರೆ

(ಜುಮಾ ಖುತ್ಬಾದ ಸಾರಾಂಶ)



ತಖ್ವಾ ಪಾಲಿಸುವಂತೆ ಮೊದಲು ನಮಗೂ ಬಳಿಕ ನಿಮಗೂ ಉಪದೇಶಿಸುತ್ತೇವೆ.

ಸೂರಃ ಯೂಸುಫ್ ನಾವೆಲ್ಲ ಓದುತ್ತೇವೆ. ಪ್ರವಾದಿ ಯೂಸುಫ್(ಅ)ರು ನಿರಪರಾಧಿ ಎಂಬುದಕ್ಕೆ ಹಿಂದಿನಿಂದ ಹರಿದ ಅಂಗಿಯೇ ಸಾಕ್ಷಿಯಾಗಿತ್ತು. ಅದನ್ನು ಕಂಡ ಬಳಿಕವೂ ಅವರನ್ನು ಸೆರೆಗೆ ಹಾಕಿದರು. ಎಷ್ಟು ಕಾಲಕ್ಕೆ? ಒಂದಿಷ್ಟು ಕಾಲ ಎಂದಷ್ಟೇ ಕುರ್‌ಆನ್ (12:35) ತಿಳಿಸುತ್ತದೆ. ಅದು ಹಲವು ವರ್ಷಗಳಾಯಿತು.

ಅಮೆರಿಕದಲ್ಲಿ ಪೌರತ್ವ ಪಡೆದು ನೆಲೆಸಿದ ಮಕ್ಕಳ ತಂದೆತಾಯಂದಿರು ನಮ್ಮಲ್ಲೂ ಇದ್ದಾರೆ. ಪೌರನನ್ನೂ ಅಲ್ಲಿ ವಿಚಾರಣೆಯಿಲ್ಲದೆ ಕೂಡಿಹಾಕಬಹುದೇ ಎಂಬುದು ಅವರ ಆತಂಕ. 2011ರ ಡಿಸೆಂಬರ್ 31ರಂದು ಅಧ್ಯಕ್ಷ ಒಬಾಮ ಸಹಿ ಹಾಕಿದ ರಕ್ಷಣಾ ಕಾಯ್ದೆಯ 1021ನೇ ಸೆಕ್ಷನ್, ಅಲ್ ಖಾಯಿದಾ, ತಾಲಿಬಾನ್ ಮತ್ತು ಅವುಗಳ ಜೊತೆಗಿನ ಪಡೆಗಳಿಗೆ ಗಣನೀಯ ಬೆಂಬಲ ನೀಡಿದವರನ್ನು ಯುದ್ಧ ಮುಗಿಯುವವರೆಗೆ ಸೇನೆಯ ವಶದಲ್ಲಿಡಲು ಅವಕಾಶ ಕೊಡುತ್ತದೆ. ಆ ಯುದ್ಧಕ್ಕೋ ಕೊನೆಯ ದಿನವಿಲ್ಲ.

ಪೌರರ ಬಂಧನದ ಕುರಿತು ಈಗಿರುವ ಕಾನೂನನ್ನು ಇದು ಬದಲಿಸದು ಎಂದು ಅದೇ ಸೆಕ್ಷನ್ ಹೇಳುತ್ತದೆ. ಈಗಿರುವ ಕಾನೂನು ಯಾವುದು ಎಂಬುದೇ ತಕರಾರು. ಅಫ್ಘಾನಿಸ್ತಾನದಲ್ಲಿ ಸೆರೆಸಿಕ್ಕ, ಲೂಸಿಯಾನಾದಲ್ಲಿ ಹುಟ್ಟಿದ ಯಾಸರ್ ಹಮ್ದಿಯ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 2004ರಲ್ಲಿ, ಪೌರನನ್ನು ಹಿಡಿದಿಡಬಹುದು, ಆದರೆ ತನ್ನ ಮೇಲಿನ ಆರೋಪವನ್ನು ತಟಸ್ಥ ತೀರ್ಪುಗಾರರ ಮುಂದೆ ಪ್ರಶ್ನಿಸಲು ಅವನಿಗೆ ಅವಕಾಶ ಇರಬೇಕು ಎಂದಿತು. ಅಮೆರಿಕದ ನೆಲದಲ್ಲೇ ಹಿಡಿದವನ ಬಗ್ಗೆ ಅಂತಿಮ ತೀರ್ಪು ಬರಲಿಲ್ಲ. ಜೋಸ್ ಪಡಿಲ್ಲಾನನ್ನು 2002ರಲ್ಲಿ ಶಿಕಾಗೋ ವಿಮಾನ ನಿಲ್ದಾಣದಲ್ಲಿ ಹಿಡಿದು, ಮೂರೂವರೆ ವರ್ಷ ಸೇನೆಯ ಜೈಲಿನಲ್ಲಿಟ್ಟರು. ಕೊನೆಗೆ 2007ರಲ್ಲಿ ಅವನನ್ನು ತಪ್ಪಿತಸ್ಥನೆಂದದ್ದು ಸಾಮಾನ್ಯ ನ್ಯಾಯಾಲಯವೇ. ಹಾಗಿದ್ದರೆ ಆ ವರ್ಷಗಳು ಯಾತಕ್ಕೆ?

ನಿರಪರಾಧಿಗಳನ್ನು ಕೊಲ್ಲುವವರಿಗೆ ಶಿಕ್ಷೆಯಾಗಲೇಬೇಕು, ಎರಡು ಮಾತಿಲ್ಲ. ಆದರೆ ಒಬಾಮರು ತಮ್ಮ ಸರ್ಕಾರ ಪೌರರನ್ನು ಹೀಗೆ ಬಂಧಿಸದು ಎಂದು ಕೊಟ್ಟ ಮಾತು ಅವರ ಅವಧಿಯೊಂದಿಗೇ ಮುಗಿಯಿತು. ಕಾಯ್ದೆ ಉಳಿಯಿತು. ಪತ್ರಕರ್ತ ಕ್ರಿಸ್ ಹೆಡ್ಜಸ್ ಮತ್ತಿತರರು ದಾವೆ ಹೂಡಿ 2012ರಲ್ಲಿ ತಡೆ ಪಡೆದರು. ಮರುವರ್ಷ ಮೇಲ್ಮನವಿ ನ್ಯಾಯಾಲಯ ಅದನ್ನು ತೆಗೆದುಹಾಕಿತು.

ಅಮೆರಿಕದತ್ತ ಮಾತ್ರ ಬೆರಳು ತೋರಿಸುವುದೂ ನ್ಯಾಯವಲ್ಲ. ನಮ್ಮ ದೇಶದ ರಾಷ್ಟ್ರೀಯ ಭದ್ರತಾ ಕಾಯ್ದೆಯಲ್ಲೂ ವಿಚಾರಣೆಯಿಲ್ಲದೆ 12 ತಿಂಗಳವರೆಗೆ ಇಡಬಹುದು. ಮುಸ್ಲಿಮ್ ಹೆಸರಿನ ಎಷ್ಟೋ ಸರ್ಕಾರಗಳ ಜೈಲುಗಳಲ್ಲಿ ಅಷ್ಟು ಮಿತಿಯೂ ಇಲ್ಲ. ನ್ಯಾಯವಂತ ಸಾಕ್ಷಿಗಳಿಲ್ಲದೆ ಇಸ್ಲಾಮಿನಲ್ಲಿ ಯಾರನ್ನೂ ಸೆರೆಯಲ್ಲಿಡಲಾಗದು ಎಂಬುದು ಹಝ್ರತ್ ಉಮರ್(ರ)ರ ನಿಲುವಾಗಿತ್ತೆಂದು ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿದೆ. ಪ್ರವಾದಿ(ಸ)ರ ಖುತ್ಬಾದ ನಡುವೆಯೇ ಒಬ್ಬರು ಎದ್ದು, ನನ್ನ ನೆರೆಯವರನ್ನು ಯಾಕೆ ಹಿಡಿದಿದ್ದೀರಿ ಎಂದು ಕೇಳಿದ್ದರು. ಅವರನ್ನು ಬಿಡುವಂತೆ ಪ್ರವಾದಿ(ಸ)ರು ಆದೇಶಿಸಿದರೆಂದು ಅಬೂದಾವೂದ್ ವರದಿ ಮಾಡಿದ್ದಾರೆ.

ಬಿಡುಗಡೆಯ ಕರೆ ಬಂದಾಗ ಯೂಸುಫ್(ಅ)ರು ಓಡಿ ಹೊರಬರಲಿಲ್ಲ. ದೂತನನ್ನು ಹಿಂದಕ್ಕೆ ಕಳುಹಿಸಿ, ಕೈ ಕೊಯ್ದುಕೊಂಡ ಆ ಸ್ತ್ರೀಯರ ವಿಷಯವನ್ನು ಮೊದಲು ವಿಚಾರಿಸುವಂತೆ ಅರಸನಿಗೆ ಹೇಳಿಸಿದರು. ಸತ್ಯ ಎಲ್ಲರ ಮುಂದೆ ಬಂದ ಬಳಿಕವೇ ಅವರು ಸೆರೆಮನೆಯಿಂದ ಹೊರಬಂದರು.