ಗ್ರೇಡ್ ಪಾಯಿಂಟ್ ಲೆಕ್ಕ: ರಕ್ಷಕರು ತಿಳಿದಿರಬೇಕಾದ ಮಾತು

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಬರಹರೂಪ. ಇಲ್ಲಿನ ಲೆಕ್ಕ ಕೇರಳದ ಎಸ್.ಎಸ್.ಎಲ್.ಸಿ.ಗೆ ಸಂಬಂಧಿಸಿದ್ದು. ಇತರ ಗಡಿನಾಡುಗಳ ಓದುಗರು ತಮ್ಮ ರಾಜ್ಯದ ಪದ್ಧತಿಯನ್ನು ತಮ್ಮ ಶಾಲೆಯಲ್ಲಿ ವಿಚಾರಿಸಿಕೊಳ್ಳಬೇಕು.)



ಹತ್ತನೆಯ ತರಗತಿಯ ಫಲಿತಾಂಶ ಬಂದಾಗ ನಿಮ್ಮ ಕೈಗೆ ಸಿಗುವುದು ಹತ್ತು ಸಾಲುಗಳ ಒಂದು ಪಟ್ಟಿ. ಒಂದೊಂದು ಸಾಲಿನಲ್ಲಿ ಒಂದೊಂದು ವಿಷಯ, ಅದರ ಮುಂದೆ ಒಂದು ಗ್ರೇಡು. ಅಂಕಗಳಿಲ್ಲ, ಒಟ್ಟು ಮೊತ್ತವಿಲ್ಲ, ಶೇಕಡಾ ಲೆಕ್ಕವೂ ಇಲ್ಲ. ನಮ್ಮಲ್ಲಿ ಹಲವರು ಓದಿದ ಕಾಲದಲ್ಲಿ ಹೀಗಿರಲಿಲ್ಲ. 600 ಅಂಕಗಳಲ್ಲಿ 210 ಬಂದರೆ ಪಾಸು, 360 ಬಂದರೆ ಪ್ರಥಮ ದರ್ಜೆ. ಇನ್ನೂರ ಹತ್ತು ದಾಟಿದನೇ ಎಂಬ ಒಂದೇ ಪ್ರಶ್ನೆಗೆ ಊರೆಲ್ಲ ಕಾಯುತ್ತಿತ್ತು. 2005ರ ಮಾರ್ಚ್ ಪರೀಕ್ಷೆಯಿಂದ ಆ ಪದ್ಧತಿ ಹೋಗಿ ಗ್ರೇಡು ಬಂತು. ಆದರೆ ಮನೆಗಳಲ್ಲಿ ನಾವು ಇಂದಿಗೂ ಹಳೆಯ ಲೆಕ್ಕದಲ್ಲೇ ಯೋಚಿಸುತ್ತಿದ್ದೇವೆ. ಹಾಗೆ ಯೋಚಿಸುವುದರಿಂದ ನಮ್ಮ ಮಕ್ಕಳಿಗೆ, ಅದರಲ್ಲೂ ಕನ್ನಡ ಮಾಧ್ಯಮದ ಮಕ್ಕಳಿಗೆ, ಆಗುವ ನಷ್ಟವೇನು ಎಂಬುದನ್ನು ತಮ್ಮ ಮುಂದಿಡಬೇಕೆಂದು ನಿಂತಿದ್ದೇನೆ.

ಮೊದಲು ಗ್ರೇಡಿನ ಅರ್ಥ ನೋಡೋಣ. ಶೇಕಡಾ 90ರಿಂದ 100ರವರೆಗೆ ಎ ಪ್ಲಸ್, ಅದಕ್ಕೆ 9 ಪಾಯಿಂಟ್. 80ರಿಂದ 89ರವರೆಗೆ ಎ, 8 ಪಾಯಿಂಟ್. 70ರಿಂದ ಬಿ ಪ್ಲಸ್, 7. 60ರಿಂದ ಬಿ, 6. 50ರಿಂದ ಸಿ ಪ್ಲಸ್, 5. 40ರಿಂದ ಸಿ, 4. 30ರಿಂದ ಡಿ ಪ್ಲಸ್, 3. 20ರಿಂದ ಡಿ, 2. ಅದಕ್ಕಿಂತ ಕೆಳಗೆ ಇ, 1. ಮುಂದಿನ ಓದಿಗೆ ಅರ್ಹತೆ ಬೇಕಾದರೆ ಎಲ್ಲ ವಿಷಯಗಳಲ್ಲೂ ಕನಿಷ್ಠ ಡಿ ಪ್ಲಸ್ ಇರಬೇಕು.

ಹತ್ತು ವಿಷಯಗಳು ಯಾವುವು ಎಂಬುದು ತಮಗೆ ಗೊತ್ತು. ಪ್ರಥಮ ಭಾಷೆಯ ಒಂದನೆಯ ಭಾಗ, ಎರಡನೆಯ ಭಾಗ, ಇಂಗ್ಲಿಷ್, ಹಿಂದಿ, ಸಮಾಜ ವಿಜ್ಞಾನ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ, ಮಾಹಿತಿ ತಂತ್ರಜ್ಞಾನ. ಇವುಗಳಲ್ಲಿ ಇಂಗ್ಲಿಷ್, ಸಮಾಜ ವಿಜ್ಞಾನ, ಗಣಿತ ಈ ಮೂರಕ್ಕೆ ತಲಾ 100 ಅಂಕ. ಉಳಿದ ಏಳಕ್ಕೆ ತಲಾ 50. ಎಲ್ಲ ಕೂಡಿದರೆ 650. ಈ ಅಂಕಗಳಲ್ಲಿ ಐದನೆಯ ಒಂದು ಪಾಲು ಶಾಲೆಯಲ್ಲೇ ಕೊಡುವ ನಿರಂತರ ಮೌಲ್ಯಮಾಪನದ್ದು. ಅಂದರೆ 100ರ ವಿಷಯದಲ್ಲಿ 20, 50ರ ವಿಷಯದಲ್ಲಿ 10.

ಇನ್ನು ಸರಾಸರಿ ತೆಗೆಯುವ ಕ್ರಮ. ಒಬ್ಬ ಹುಡುಗಿಗೆ ಕನ್ನಡದ ಎರಡು ಭಾಗಗಳಲ್ಲೂ ಎ ಪ್ಲಸ್, ಮಾಹಿತಿ ತಂತ್ರಜ್ಞಾನದಲ್ಲೂ ಎ ಪ್ಲಸ್ ಬಂದಿದೆ ಎಂದಿಟ್ಟುಕೊಳ್ಳಿ. ಮೂರು ಒಂಬತ್ತು ಇಪ್ಪತ್ತೇಳು. ಸಮಾಜ ವಿಜ್ಞಾನ, ರಸಾಯನಶಾಸ್ತ್ರ, ಜೀವಶಾಸ್ತ್ರದಲ್ಲಿ ಎ. ಮೂರು ಎಂಟು ಇಪ್ಪತ್ತನಾಲ್ಕು. ಹಿಂದಿ, ಭೌತಶಾಸ್ತ್ರ, ಗಣಿತದಲ್ಲಿ ಬಿ ಪ್ಲಸ್. ಮೂರು ಏಳು ಇಪ್ಪತ್ತೊಂದು. ಇಂಗ್ಲಿಷಿನಲ್ಲಿ ಬಿ, ಅದು ಆರು. ಒಟ್ಟು 78. ಹತ್ತರಿಂದ ಭಾಗಿಸಿದರೆ 7.8. ಇದೇ ಅವಳ ಗ್ರೇಡ್ ಪಾಯಿಂಟ್ ಸರಾಸರಿ. ಕೂಡಿಸುವುದು, ಭಾಗಿಸುವುದು ಬಂದರೆ ಸಾಕು, ಯಾರೂ ಮನೆಯಲ್ಲೇ ಮಾಡಬಹುದು.

ಈ 7.8ನ್ನು ಶೇಕಡಾ 78 ಎಂದು ಓದುವವರಿದ್ದಾರೆ. ಗರಿಷ್ಠ ಪಾಯಿಂಟ್ 9 ತಾನೇ ಎಂದು ಒಂಬತ್ತರಿಂದ ಭಾಗಿಸಿ ಶೇಕಡಾ ಸುಮಾರು 87 ಎನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ. ಎ ಎಂದರೆ 80 ಇರಬಹುದು, 89 ಇರಬಹುದು. ಆದ್ದರಿಂದ ಈ ಹುಡುಗಿಯ ಎಲ್ಲ ವಿಷಯಗಳ ಶೇಕಡಾ ಸರಾಸರಿ 78ಕ್ಕಿಂತ ಕಡಿಮೆ ಇರಲಾರದು, ಆದರೆ 87ರ ಆಚೀಚೆಯವರೆಗೂ ಇರಬಹುದು. ಸಿ.ಬಿ.ಎಸ್.ಇ.ಯಲ್ಲಿ 9.5ರಿಂದ ಗುಣಿಸುವ ಕ್ರಮವೊಂದಿತ್ತು. ಅದು ಅವರ ಹತ್ತು ಪಾಯಿಂಟ್ ಪದ್ಧತಿಗೆ ಮಾಡಿದ್ದು, ನಮ್ಮ ಒಂಬತ್ತು ಪಾಯಿಂಟ್ ಪದ್ಧತಿಗೆ ಅದು ಹೊಂದುವುದಿಲ್ಲ. ಪಿ.ಯು.ಸಿ.ಗೆಂದು ಮಂಗಳೂರಿಗೆ ಹೋಗುವ ಮಕ್ಕಳ ರಕ್ಷಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಕರ್ನಾಟಕದ ಎಸ್.ಎಸ್.ಎಲ್.ಸಿ. 625 ಅಂಕಗಳದ್ದು. ಅಲ್ಲಿನ ಕಾಲೇಜಿನವರು ಶೇಕಡಾ ಕೇಳಿದರೆ ನಿಮ್ಮ ಲೆಕ್ಕದ ಒಂದು ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಬೇಡಿ. ಗ್ರೇಡಿನ ಪಟ್ಟಿಯನ್ನೇ ತೋರಿಸಿ, ಅಂಕಗಳ ವಿವರ ಬೇಕೆಂದರೆ ಶಾಲೆಯ ಮೂಲಕವೇ ಕೇಳಿ.

ಗ್ರೇಡ್ ಪಾಯಿಂಟಿಗೆ ಎರಡು ಗುಣಗಳಿವೆ. ಒಂದು, ಅದು ಮೆಟ್ಟಿಲಿನ ಹಾಗೆ. 50ರ ವಿಷಯದಲ್ಲಿ 45 ಬಂದರೆ ಎ ಪ್ಲಸ್, 44 ಬಂದರೆ ಎ. ಒಂದೇ ಅಂಕದ ವ್ಯತ್ಯಾಸಕ್ಕೆ ಒಂದು ಪಾಯಿಂಟ್ ಹೋಯಿತು. ಅದೇ 45ಕ್ಕೂ 50ಕ್ಕೂ ಪಾಯಿಂಟಿನಲ್ಲಿ ಭೇದವಿಲ್ಲ. ಇಬ್ಬರು ಮಕ್ಕಳನ್ನು ತೆಗೆದುಕೊಳ್ಳಿ. ಒಬ್ಬನಿಗೆ ಕನ್ನಡದ ಒಂದು ಭಾಗದಲ್ಲಿ 45, ಗಣಿತದಲ್ಲಿ 70. ಇನ್ನೊಬ್ಬನಿಗೆ 44 ಮತ್ತು 79. ಎರಡನೆಯವನಿಗೆ ಎಂಟು ಅಂಕ ಹೆಚ್ಚು. ಆದರೆ ಪಾಯಿಂಟಿನಲ್ಲಿ ಮೊದಲನೆಯವನಿಗೆ 16, ಎರಡನೆಯವನಿಗೆ 15. ಆದ್ದರಿಂದ ಕ್ರಿಸ್ಮಸ್ ಪರೀಕ್ಷೆ, ಮಾದರಿ ಪರೀಕ್ಷೆಗಳ ಉತ್ತರ ಪತ್ರಿಕೆ ಮನೆಗೆ ಬಂದಾಗ ಒಟ್ಟು ಎಷ್ಟಾಯಿತೆಂದು ನೋಡಿ ಮಡಚಿಡಬೇಡಿ. ಮಗು ಯಾವ ವಿಷಯದಲ್ಲಿ ಮೇಲಿನ ಮೆಟ್ಟಿಲಿಗೆ ಎರಡು ಮೂರು ಅಂಕ ದೂರದಲ್ಲಿದೆ ಎಂದು ನೋಡಿ. ಅಲ್ಲಿ ಮಾಡಿದ ಕೆಲಸಕ್ಕೆ ಫಲ ಬೇಗ ಸಿಗುತ್ತದೆ.

ಎರಡನೆಯ ಗುಣ ನಮಗೆ ಇನ್ನೂ ಮುಖ್ಯ. ಪಾಯಿಂಟಿನ ಲೆಕ್ಕದಲ್ಲಿ 50 ಅಂಕದ ವಿಷಯಕ್ಕೂ 100 ಅಂಕದ ವಿಷಯಕ್ಕೂ ಬೆಲೆ ಒಂದೇ. 650 ಅಂಕಗಳಲ್ಲಿ ಗಣಿತ 100, ಅಂದರೆ ಶೇಕಡಾ 15ಕ್ಕಿಂತ ಸ್ವಲ್ಪ ಹೆಚ್ಚು. ಪಾಯಿಂಟಿನಲ್ಲಿ ಅದು ಹತ್ತರಲ್ಲಿ ಒಂದು. ಕನ್ನಡದ ಎರಡು ಭಾಗ ಸೇರಿದರೂ ಅಂಕ 100 ಮಾತ್ರ, ಆದರೆ ಪಾಯಿಂಟಿನಲ್ಲಿ ಅದು ಹತ್ತರಲ್ಲಿ ಎರಡು. ಒಂದನೆಯ ಭಾಗಕ್ಕೆ ಸಂಸ್ಕೃತ, ಅರಬ್ಬಿ ಅಥವಾ ಉರ್ದು ತೆಗೆದುಕೊಂಡ ಮಕ್ಕಳಿಗೆ ಕನ್ನಡ ಹತ್ತರಲ್ಲಿ ಒಂದಾಗುತ್ತದೆ. ಎರಡೂ ಭಾಗ ಕನ್ನಡವೇ ಆಗಿರುವ ಮಗು ಎರಡರಲ್ಲೂ ಬಿ ಪ್ಲಸ್‌ನಿಂದ ಎ ಪ್ಲಸ್‌ಗೆ ಏರಿದರೆ ನಾಲ್ಕು ಪಾಯಿಂಟ್ ಹೆಚ್ಚುತ್ತದೆ. ಗಣಿತದಲ್ಲಿ ಅದೇ ಏರಿಕೆಗೆ ಎರಡೇ ಪಾಯಿಂಟ್.

ಗಣಿತಕ್ಕೆ ಟ್ಯೂಷನ್, ಇಂಗ್ಲಿಷಿಗೆ ಟ್ಯೂಷನ್. ಕನ್ನಡ ಮಾತ್ರ ಹೇಗೂ ಬರುತ್ತದೆ ಎಂಬ ಭಾವನೆ ನಮ್ಮಲ್ಲಿದೆ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ ಮಾತನಾಡುವ ಮಕ್ಕಳೂ ಕನ್ನಡ ಮಾಧ್ಯಮದಲ್ಲಿದ್ದಾರೆ. ಅವರಿಗೆ ಕನ್ನಡ ತಾನಾಗಿ ಬರುವುದಿಲ್ಲ. ಹವ್ಯಕ ಕನ್ನಡವೋ ಬೇರೆ ಮನೆಮಾತಿನ ಕನ್ನಡವೋ ಆಡುವ ಮಗುವಿಗೂ ಬರಹದ ಕನ್ನಡ ಓದಿಯೇ ಬರಬೇಕು. ದಿನಕ್ಕೊಂದು ಪುಟ ಗಟ್ಟಿಯಾಗಿ ಓದಿಸಿ, ವಾರಕ್ಕೊಂದು ಪತ್ರವನ್ನೋ ಪ್ರಬಂಧವನ್ನೋ ಬರೆಯಿಸಿ. ಖರ್ಚಿಲ್ಲದ ಕೆಲಸ ಇದು.

ಕನ್ನಡ ಮಾಧ್ಯಮದಲ್ಲಿದ್ದರೆ ಗ್ರೇಡು ಕಡಿಮೆಯಾಗುತ್ತದೆ, ಪ್ಲಸ್ ವನ್ ಸೀಟು ಸಿಗುವುದಿಲ್ಲ ಎಂದು ಎಂಟನೆಯ ತರಗತಿಗೆ ಮಗುವನ್ನು ಬೇರೆ ಮಾಧ್ಯಮಕ್ಕೆ ಸೇರಿಸುವವರಿದ್ದಾರೆ. ಅವರ ಚಿಂತೆ ನನಗೆ ಅರ್ಥವಾಗುತ್ತದೆ. ಆದರೆ ಗ್ರೇಡಿನ ಪಟ್ಟಿ ಮಾಧ್ಯಮ ನೋಡಿ ಪಾಯಿಂಟ್ ಕೊಡುವುದಿಲ್ಲ. ಅದು ಉತ್ತರ ನೋಡಿ ಕೊಡುತ್ತದೆ, ಮಗು ಉತ್ತರ ಬರೆಯುವುದು ತನಗೆ ಅರ್ಥವಾದ ಭಾಷೆಯಲ್ಲಿ.

ಇನ್ನು ಪ್ಲಸ್ ವನ್ ಪ್ರವೇಶ. ಏಕಗವಾಕ್ಷಿ ಪದ್ಧತಿಯಲ್ಲಿ ನೋಡುವುದು ತೂಕದ ಸರಾಸರಿಯನ್ನು. ಡಬ್ಲ್ಯು.ಜಿ.ಪಿ.ಎ. ಎನ್ನುತ್ತಾರೆ. ನೀವು ಕೇಳುವ ಕೋರ್ಸಿಗೆ ಹತ್ತಿರವಾದ ವಿಷಯಗಳ ಪಾಯಿಂಟನ್ನು ಇನ್ನೊಮ್ಮೆ ಕೂಡಿಸುತ್ತಾರೆ, ಭಾಗಿಸುವ ಸಂಖ್ಯೆಗೂ ಅಷ್ಟನ್ನು ಸೇರಿಸುತ್ತಾರೆ. ಯಾವ ಕೋರ್ಸಿಗೆ ಯಾವ ವಿಷಯ ಎಂಬುದು ಪ್ರಾಸ್ಪೆಕ್ಟಸ್‌ನಲ್ಲಿರುತ್ತದೆ. ಲೆಕ್ಕ ತಿಳಿಯಲೆಂದು, ಒಂದು ಕೋರ್ಸಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರಕ್ಕೆ ತೂಕವಿದೆ ಎಂದಿಟ್ಟುಕೊಳ್ಳೋಣ. ನಮ್ಮ ಹುಡುಗಿಗೆ ಈ ಮೂರರಲ್ಲಿ 7, 8, 7, ಒಟ್ಟು 22. ಮೊದಲಿನ 78ಕ್ಕೆ ಸೇರಿಸಿದರೆ 100. ಹದಿಮೂರರಿಂದ ಭಾಗಿಸಿದರೆ 7.69. ಸಮಾಜ ವಿಜ್ಞಾನ ಒಂದಕ್ಕೇ ತೂಕವಿರುವ ಕೋರ್ಸಾದರೆ 78ಕ್ಕೆ 8 ಸೇರಿ 86, ಹನ್ನೊಂದರಿಂದ ಭಾಗಿಸಿದರೆ 7.82. ಹುಡುಗಿ ಒಬ್ಬಳೇ, ಕೋರ್ಸಿಗೆ ತಕ್ಕಂತೆ ಸ್ಥಾನ ಬೇರೆ.

ಇದರ ಮೇಲೆ ಬೋನಸ್ ಪಾಯಿಂಟುಗಳಿವೆ. ಕಲಿತ ಶಾಲೆಯಲ್ಲೇ ಪ್ಲಸ್ ವನ್ ಕೇಳಿದರೆ 2, ಶಾಲೆ ಇರುವ ಪಂಚಾಯತು ಅಥವಾ ನಗರಸಭೆಯ ನಿವಾಸಿಯಾದರೆ 2, ಅದೇ ತಾಲೂಕಿನವರಾದರೆ 1. ಬೋನಸ್ಸನ್ನು ಹತ್ತರಿಂದ ಭಾಗಿಸಿ ಸರಾಸರಿಗೆ ಸೇರಿಸುತ್ತಾರೆ. ಮೂರೂ ಸಿಕ್ಕಿದರೆ 0.5. ಇದು ಸಣ್ಣದೆಂದು ತಿಳಿಯಬೇಡಿ. 7.69 ಇದ್ದದ್ದು 8.19 ಆಗುತ್ತದೆ. ದಶಾಂಶದ ಎಷ್ಟೋ ಸ್ಥಾನಗಳವರೆಗೆ ಪೈಪೋಟಿ ನಡೆಯುವಲ್ಲಿ ಇದು ದೊಡ್ಡ ನೆಗೆತ. ಪೇಟೆಯ ದೂರದ ಶಾಲೆಯ ಹೆಸರನ್ನು ಮೊದಲು ಬರೆಯುವ ಮುನ್ನ, ನಿಮ್ಮ ಊರಿನ ಹೈಯರ್ ಸೆಕೆಂಡರಿಯಲ್ಲಿ ನಿಮ್ಮ ಮಗುವಿನ ಸರಾಸರಿ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ. ಅಲ್ಲಿ ಎರಡನೆಯ ಭಾಷೆಯಾಗಿ ಕನ್ನಡ ಇದೆಯೇ ಎಂದೂ ಕೇಳಿ. ಕನ್ನಡ ಕೇಳುವ ಮಕ್ಕಳೇ ಇಲ್ಲವಾದರೆ ನಾಳೆ ಕನ್ನಡ ಅಧ್ಯಾಪಕರ ಹುದ್ದೆಯೂ ಉಳಿಯದು.

ಅರ್ಜಿ ತುಂಬುವಾಗ ಪಂಚಾಯತು, ತಾಲೂಕು ಸರಿಯಾಗಿ ಬರೆಯಿರಿ. 2014ರಲ್ಲಿ ಮಂಜೇಶ್ವರ ಪ್ರತ್ಯೇಕ ತಾಲೂಕಾಯಿತು. ಹಳೆಯ ದಾಖಲೆ ನೋಡಿ ಕಾಸರಗೋಡು ತಾಲೂಕು ಎಂದೇ ಬರೆಯುವ ಅಭ್ಯಾಸ ಕೆಲವರಿಗಿದೆ. ಬರೆದ ಬೋನಸ್ಸಿಗೆ ದಾಖಲೆ ತೋರಿಸಲಾಗದಿದ್ದರೆ ಸಿಕ್ಕಿದ ಸೀಟೂ ಹೋಗಬಹುದು. ಪ್ರಾಯೋಗಿಕ ಹಂಚಿಕೆ ಪ್ರಕಟವಾದಾಗ ತಪ್ಪು ತಿದ್ದಲು ಅವಕಾಶವಿದೆ. ಆ ದಿನಗಳನ್ನು ಬಿಡಬೇಡಿ.

ಇನ್ನೊಂದು ಎಚ್ಚರಿಕೆ. ಇದುವರೆಗಿನ ಕ್ರಮದಲ್ಲಿ ನಿರಂತರ ಮೌಲ್ಯಮಾಪನದ 20 ಪೂರ್ತಿ ಸಿಕ್ಕಿದವನಿಗೆ 80ರ ಲಿಖಿತ ಪರೀಕ್ಷೆಯಲ್ಲಿ 10 ಬಂದರೂ ಡಿ ಪ್ಲಸ್ ಆಗುತ್ತಿತ್ತು. 2024ರ ಆಗಸ್ಟಿನಲ್ಲಿ ರಾಜ್ಯ ಸಚಿವ ಸಂಪುಟ ಲಿಖಿತ ಪರೀಕ್ಷೆಯಲ್ಲೇ ಪ್ರತಿ ವಿಷಯಕ್ಕೂ ಶೇಕಡಾ 30 ಬರಬೇಕೆಂದು ನಿರ್ಧರಿಸಿತು. 2024-25ರಲ್ಲಿ ಎಂಟನೆಯ ತರಗತಿಗೆ, 2025-26ರಲ್ಲಿ ಒಂಬತ್ತಕ್ಕೆ, 2026-27ರಲ್ಲಿ ಹತ್ತಕ್ಕೆ ಎಂಬುದು ಆ ನಿರ್ಧಾರದ ಕ್ರಮ. ಅಂದರೆ 80ರಲ್ಲಿ 24, 40ರಲ್ಲಿ 12. ಹಿಂದುಳಿದ ಮಕ್ಕಳಿಗೆ ಇದು ದೊಡ್ಡ ಮೆಟ್ಟಿಲು. ಎಂಟನೆಯ ತರಗತಿಯಿಂದಲೇ ಅವರ ಕೈ ಹಿಡಿಯಬೇಕು.

ಕೊನೆಯ ಮಾತು ಹಕ್ಕಿನದು. ಸರಾಸರಿ ಒಂದೇ ಸಂಖ್ಯೆ, ಅದು ಅನೇಕ ಸಂಗತಿಗಳನ್ನು ಮುಚ್ಚುತ್ತದೆ. ಹತ್ತು ಸಾಲುಗಳನ್ನು ಬಿಡಿಬಿಡಿಯಾಗಿ ಓದಿದರೆ ಬೇರೆ ವಿಷಯ ತಿಳಿಯುತ್ತದೆ. ಒಂದು ತರಗತಿಯ ಮಕ್ಕಳಿಗೆಲ್ಲ ಒಂಬತ್ತು ವಿಷಯಗಳಲ್ಲಿ ಒಳ್ಳೆಯ ಗ್ರೇಡು ಬಂದು ಒಂದರಲ್ಲಿ ಮಾತ್ರ ಎರಡು ಮೆಟ್ಟಿಲು ಕೆಳಗಿದ್ದರೆ, ಅದು ಮಕ್ಕಳ ದಡ್ಡತನವಲ್ಲ. ಆ ವಿಷಯಕ್ಕೆ ವರ್ಷದಲ್ಲಿ ಎಷ್ಟು ತಿಂಗಳು ಅಧ್ಯಾಪಕರಿದ್ದರು? ಬಂದವರಿಗೆ ಕನ್ನಡ ಬರುತ್ತಿತ್ತೇ? ಕನ್ನಡ ಪಠ್ಯಪುಸ್ತಕ ಯಾವ ತಿಂಗಳಲ್ಲಿ ಕೈಗೆ ಬಂತು? ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದರೆಂಬ ದೂರು ನಮ್ಮ ಜಿಲ್ಲೆಯಲ್ಲಿ ಮತ್ತೆ ಮತ್ತೆ ಎದ್ದಿದೆ. ಬರಿಯ ಬೇಸರದ ಮಾತಿಗೆ ಕಚೇರಿಗಳಲ್ಲಿ ಬೆಲೆಯಿಲ್ಲ. ಮೂರು ವರ್ಷಗಳ ಗ್ರೇಡನ್ನು ವಿಷಯವಾರು ಬರೆದ ಒಂದು ಹಾಳೆಗೆ ಬೆಲೆಯಿದೆ. ಮಕ್ಕಳ ಹೆಸರು ಬೇಡ. ಯಾವ ವಿಷಯದಲ್ಲಿ ಎಷ್ಟು ಮಂದಿಗೆ ಎ ಪ್ಲಸ್, ಎಷ್ಟು ಮಂದಿಗೆ ಡಿ ಪ್ಲಸ್ ಎಂಬ ಲೆಕ್ಕ ಸಾಕು. ರಕ್ಷಕ-ಶಿಕ್ಷಕ ಸಂಘವೇ ಅದನ್ನು ತಯಾರಿಸಿ ಮನವಿಯ ಜತೆಗಿಡಬಹುದು.

ಫಲಿತಾಂಶದ ಮರುದಿನ ಪೇಟೆಯ ತಿರುವುಗಳಲ್ಲಿ ಎಲ್ಲದರಲ್ಲೂ ಎ ಪ್ಲಸ್ ಪಡೆದವರ ಫ್ಲೆಕ್ಸ್ ಏಳುತ್ತವೆ. ಆ ಮಕ್ಕಳಿಗೆ ಅಭಿನಂದನೆ. ಫ್ಲೆಕ್ಸಿನಲ್ಲಿ ಬಾರದ ಮಕ್ಕಳೇ ನಮ್ಮಲ್ಲಿ ಹೆಚ್ಚು. ಅವರ ಪಟ್ಟಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಸಾಲು ಸಾಲಾಗಿ ಓದಿ. ಎಲ್ಲಿ ಏರಿದ್ದಾನೆ, ಎಲ್ಲಿ ಒಂದೇ ಅಂಕಕ್ಕೆ ತಪ್ಪಿದ್ದಾಳೆ ಎಂದು ಮಗುವಿನಿಂದಲೇ ಕೇಳಿ. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ದಿನಗಳು ಕೆಲವೇ. ಸಂಶಯವಿದ್ದರೆ ಕೂಡಲೇ ಶಾಲೆಗೆ ಬನ್ನಿ. ಲೆಕ್ಕ ಬಾರದೆಂದು ಸಂಕೋಚ ಬೇಡ. ಕಾಗದ, ಪೆನ್ನು ಹಿಡಿದು ಜತೆಗೆ ಕುಳಿತು ಲೆಕ್ಕ ಮಾಡಿಕೊಡಲು ಶಾಲೆಯ ಅಧ್ಯಾಪಕರೆಲ್ಲ ಸಿದ್ಧರಿದ್ದೇವೆ.