ಐದು ವರ್ಷಕ್ಕೆ ಮುಗಿಯುವ ಪ್ರಮಾಣಪತ್ರ

(ವಿದ್ಯಾರ್ಥಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕೊಳೆರೋಗದ ಭಯಕ್ಕೆ ಮುಂಗಾರಿಗೆ ಮುನ್ನವೇ ಬೋರ್ಡೋ ದ್ರಾವಣ ಹೊಡೆಸಿದ ಅಡಿಕೆ ಬೆಳೆಗಾರನು ಅಷ್ಟಕ್ಕೇ ಸುಮ್ಮನಾಗುವುದಿಲ್ಲ. 40-45 ದಿನಗಳ ತರುವಾಯ ಎರಡನೆಯ ಸಿಂಪಡಣೆಗಾಗಿ ಕೊನೆಗಾರನನ್ನು ಹುಡುಕುತ್ತಾನೆ. ಮೊದಲನೆಯದು ತಪ್ಪಾಗಿತ್ತೆಂದಲ್ಲ, ಮಳೆಗೆ ತೊಳೆದುಹೋಗಿರುತ್ತದೆಂದು. ಗಣಿಯಲ್ಲಿ ಇತರರ ಜೀವದ ಹೊಣೆ ಹೊತ್ತವರ ವಿದ್ಯೆಯೂ ಹೀಗೆಯೇ ತೊಳೆದುಹೋಗುತ್ತದೆ. ಒಮ್ಮೆ ಪರೀಕ್ಷೆಯಲ್ಲಿ ತೇರ್ಗಡೆಯಾದವನು ಆಜೀವ ಸಮರ್ಥನೆಂಬ ನಂಬಿಕೆಯನ್ನು ಕೈಬಿಡಲು ನ್ಯೂಜಿಲೆಂಡ್ ದೇಶವು ತೆತ್ತ ಬೆಲೆ ದೊಡ್ಡದು.

ಆ ದೇಶದ ದಕ್ಷಿಣ ದ್ವೀಪದ ಪಶ್ಚಿಮ ತೀರದಲ್ಲಿ ಪಪರೋವಾ ಎಂಬ ಪರ್ವತಶ್ರೇಣಿಯಿದೆ. ಸಹ್ಯಾದ್ರಿಯಂತೆಯೇ ಮಳೆಯ ನಾಡು, ಕಾಡಿನ ನಾಡು. ಅದರ ಗರ್ಭದಲ್ಲಿದ್ದ ಪೈಕ್ ರಿವರ್ ಕಲ್ಲಿದ್ದಲ ಗಣಿಯು 2010ರ ನವೆಂಬರ್ 19ರ ಮಧ್ಯಾಹ್ನ ಸ್ಫೋಟಗೊಂಡಿತು. ಒಳಗಿದ್ದ 31 ಮಂದಿಯಲ್ಲಿ ಇಬ್ಬರು ಹೊರಬಂದರು. 29 ಮಂದಿ ಮಡಿದರು. ಅವರ ದೇಹಗಳು ಇಂದಿಗೂ ಗಣಿಯೊಳಗೇ ಇವೆ. ಆ ಸೀಮೆಗೆ ಗಣಿಯ ಸಾವು ಹೊಸದಾಗಿರಲಿಲ್ಲ. 1896ರಲ್ಲಿ ಬ್ರನರ್ ಗಣಿಯಲ್ಲಿ 65 ಮಂದಿ, 1967ರಲ್ಲಿ ಸ್ಟ್ರಾಂಗ್‌ಮನ್ ಗಣಿಯಲ್ಲಿ 19 ಮಂದಿ ಸತ್ತಿದ್ದರು. ನೆನಪಿದ್ದ ಊರಿನಲ್ಲೇ ಮರೆವು ಬೆಳೆದಿತ್ತು.

ಗಾಳಿಯಲ್ಲಿ ಮಿಥೇನ್ ಶೇ. 5ರಿಂದ 15ರಷ್ಟು ಬೆರೆತಾಗ ಒಂದು ಕಿಡಿ ಸಾಕು. 2012ರಲ್ಲಿ ವರದಿ ನೀಡಿದ ವಿಚಾರಣಾ ಆಯೋಗವು ಸ್ಫೋಟಕ್ಕೆ ಹಿಂದಿನ 48 ದಿನಗಳ ಕಾಗದಗಳನ್ನು ತೆಗೆದು ನೋಡಿತು. ಮಿಥೇನ್ ಸ್ಫೋಟಕ ಪ್ರಮಾಣ ಮುಟ್ಟಿತ್ತೆಂಬ ವರದಿಗಳು 21. ಅದಕ್ಕಿಂತ ಕಡಿಮೆಯಾದರೂ ಅಪಾಯಕಾರಿಯಾಗಬಹುದಾದ ಪ್ರಮಾಣದ ವರದಿಗಳು 27. ಇಲ್ಲಿ ಕ್ಷಣಕಾಲ ನಿಲ್ಲಬೇಕು. ಅಳೆದವರು ಅಳೆದಿದ್ದರು, ಬರೆದವರು ಬರೆದಿದ್ದರು. ಅವುಗಳನ್ನು ಒಟ್ಟಾಗಿ ಓದಿ, ಇದರ ಅರ್ಥವೇನೆಂದು ಕೇಳುವ ಕಣ್ಣು ಮೇಲಿನ ಹಂತದಲ್ಲಿ ಇರಲಿಲ್ಲ. ಗಣಿಗೆ ಗಾಳಿಯೂಡುವ ಮುಖ್ಯ ಫ್ಯಾನನ್ನು ಭೂಮಿಯೊಳಗೇ ಇಡಲಾಗಿತ್ತು. ಅನಿಲವುಳ್ಳ ಕಲ್ಲಿದ್ದಲ ಗಣಿಯಲ್ಲಿ ಜಗತ್ತಿನ ಬೇರೆಲ್ಲಿಯೂ ಹಾಗೆ ಮಾಡಿರಲಿಲ್ಲ. ಗಾಳಿಯ ವ್ಯವಸ್ಥೆಯನ್ನೇ ನೋಡಿಕೊಳ್ಳಲು ಪ್ರತ್ಯೇಕ ಅಧಿಕಾರಿಯಿರಲಿಲ್ಲ. ಇಡೀ ದೇಶಕ್ಕೆ ಗಣಿ ತನಿಖಾಧಿಕಾರಿಗಳು ಇಬ್ಬರೇ!

ಆ ವರದಿಯ ಬಳಿಕ ಕಾನೂನು ಬದಲಾಯಿತು. ಗಣಿಯ ವ್ಯವಸ್ಥಾಪಕ, ಡೆಪ್ಯೂಟಿ, ವಾತಾಯನ ಅಧಿಕಾರಿ, ಕ್ವಾರಿಯ ವ್ಯವಸ್ಥಾಪಕ ಮೊದಲಾದವರ ಸಾಮರ್ಥ್ಯ ಪ್ರಮಾಣಪತ್ರಕ್ಕೆ ಐದು ವರ್ಷಗಳ ಅವಧಿ ಗೊತ್ತಾಯಿತು. ಅವಧಿ ಮುಗಿದಾಗ ನವೀಕರಿಸಬೇಕಾದರೆ ಆ ಐದು ವರ್ಷಗಳಲ್ಲಿ ಏನು ಕಲಿತೆನೆಂಬುದಕ್ಕೆ ಲೆಕ್ಕ ಒಪ್ಪಿಸಬೇಕು. ಅದಕ್ಕೆಂದೇ ದಾಖಲೆ ಪುಸ್ತಕವುಂಟು. ಕಾನೂನು, ತುರ್ತು ನಿರ್ವಹಣೆ, ನಾಯಕತ್ವ ಇತ್ಯಾದಿ ವಿಷಯಗಳಲ್ಲಿ ತರಗತಿಯ ಕಲಿಕೆಯೂ ಸಲ್ಲುತ್ತದೆ, ತರಗತಿಯ ಹೊರಗಿನ ಕಲಿಕೆಯೂ ಸಲ್ಲುತ್ತದೆ.

ಗಂಟೆಗಳನ್ನು ಎಣಿಸುವ ಈ ಪದ್ಧತಿಯಲ್ಲಿ ಒಂದು ದೌರ್ಬಲ್ಯವೂ ಅಡಗಿದೆ. ತಂಪು ಸಭಾಂಗಣದಲ್ಲಿ ಕುಳಿತು ಕಳೆದ ಗಂಟೆಗೂ, ಕತ್ತಲಲ್ಲಿ ತೆವಳಿ ಹೊರಬರುವ ಅಭ್ಯಾಸದ ಗಂಟೆಗೂ ಪುಸ್ತಕದಲ್ಲಿ ಒಂದೇ ತೂಕ ಬೀಳಬಹುದು. ಅದಕ್ಕಿಂತ ದೊಡ್ಡ ಮಾತೆಂದರೆ, ಉತ್ಪಾದನೆಯ ಅವಸರವನ್ನು ಕಲಿಕೆಯೊಂದೇ ತಡೆಯಲಾರದು. ಪೈಕ್ ರಿವರಿನಲ್ಲಿ ಗಾಳಿ ಮತ್ತು ಅನಿಲದ ವ್ಯವಸ್ಥೆ ಸಿದ್ಧವಾಗುವ ಮೊದಲೇ ಕಲ್ಲಿದ್ದಲು ತೆಗೆಯುವ ಆತುರವಿತ್ತೆಂದು ಆಯೋಗವು ಹೇಳಿತು. ಬಲ್ಲವನಿಗೆ ನಿಲ್ಲಿಸುವ ಅಧಿಕಾರವಿಲ್ಲದಿದ್ದರೆ ಬಲ್ಲದ್ದರಿಂದ ಏನು ಫಲ? ಹೊಸ ಕಾನೂನು ತರಬೇತಿ ಪಡೆದ ಕಾರ್ಮಿಕ ಪ್ರತಿನಿಧಿಗಳಿಗೂ ಅಪಾಯದ ವೇಳೆ ಕೆಲಸ ನಿಲ್ಲಿಸುವ ಅಧಿಕಾರ ನೀಡಿದ್ದು ಇದಕ್ಕಾಗಿಯೇ.

ದೂರದ ಕಲ್ಲಿದ್ದಲ ಗಣಿಯ ಸಂಗತಿ ಮಲೆನಾಡಿಗೆ ಏತಕ್ಕೆ ಎನ್ನುವವರು 2021ರ ಜನವರಿ 21ರ ರಾತ್ರಿಯನ್ನು ನೆನೆಯಬೇಕು. ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿ ಕಲ್ಲು ಕ್ರಷರಿನ ಸಮೀಪ ಸಿಡಿಮದ್ದು ಸ್ಫೋಟಿಸಿ ಜನ ಸತ್ತರು. ಸುತ್ತಲಿನ ಜಿಲ್ಲೆಗಳ ಜನ ಭೂಕಂಪವೆಂದೇ ಬೆದರಿ ಮನೆಯಿಂದ ಹೊರಗೋಡಿದರು. ಮುಂದಿನ ತಿಂಗಳು ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಆರು ಮಂದಿ ಸಿಡಿಮದ್ದಿಗೆ ಬಲಿಯಾದರು. ಅಕ್ರಮಕ್ಕೆ ಬೇರೆಯ ಮದ್ದು ಬೇಕು, ನಿಜ. ಆದರೆ ಸಕ್ರಮವಾಗಿ ನಡೆಯುವ ಕ್ವಾರಿಯಲ್ಲಿಯೂ ಬಂಡೆಗೆ ಮದ್ದು ತುಂಬುವವನು ಯಾರು, ಅವನು ಕಲಿತದ್ದು ಯಾವಾಗ ಎಂಬ ಪ್ರಶ್ನೆಯನ್ನು ಊರವರು ಕೇಳುವುದು ಅಪರೂಪ.

ಭಾರತದಲ್ಲಿ ಲೋಹ ಗಣಿಗಳ 1961ರ ನಿಯಮಾವಳಿಯು ಮ್ಯಾನೇಜರ್, ಫೋರ್‌ಮನ್, ಮೇಟ್, ಬ್ಲಾಸ್ಟರ್ ಇವರಿಗೆ ಪ್ರಮಾಣಪತ್ರ ಕಡ್ಡಾಯಗೊಳಿಸಿತು. ಕಲ್ಲು ಕ್ವಾರಿಗಳೂ ಅದರ ವ್ಯಾಪ್ತಿಗೆ ಬಂದವು. ಅದು ಪ್ರಮಾಣಪತ್ರವನ್ನು ಪರೀಕ್ಷೆ, ಅನುಭವ, ಆರೋಗ್ಯಗಳಿಗೆ ಕಟ್ಟಿತೇ ಹೊರತು ನಿರಂತರ ಕಲಿಕೆಗೆ ಕಟ್ಟಲಿಲ್ಲ. ಕಾರ್ಮಿಕರಿಗೆ ಐದು ವರ್ಷಕ್ಕೊಮ್ಮೆ ಪುನಶ್ಚೇತನ ತರಬೇತಿ ಆಗಬೇಕೆಂದು 1966ರ ವೃತ್ತಿ ತರಬೇತಿ ನಿಯಮಗಳು ವಿಧಿಸಿದವು. ಈ ವ್ಯವಸ್ಥೆಯ ಮೇಲ್ವಿಚಾರಣೆ ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ್ದು. ಅದರ ಕಚೇರಿ ಬೆಂಗಳೂರಿನಲ್ಲಿಯೂ ಇದೆ.

2005ರ ಮಾಹಿತಿ ಹಕ್ಕು ಕಾಯಿದೆ ಆ ಕಚೇರಿಗೂ ಅನ್ವಯಿಸುತ್ತದೆ. ಊರಿನ ಗುಡ್ಡದಲ್ಲಿ ಕ್ವಾರಿಯಿದ್ದರೆ ಅದರ ಮ್ಯಾನೇಜರ್ ಮತ್ತು ಬ್ಲಾಸ್ಟರರ ನೇಮಕದ ಮಾಹಿತಿ ಸಲ್ಲಿಕೆಯಾಗಿದೆಯೇ, ಕಾರ್ಮಿಕರ ಪುನಶ್ಚೇತನ ತರಬೇತಿ ಕೊನೆಯ ಬಾರಿ ನಡೆದದ್ದು ಎಂದು, ಅಧಿಕಾರಿಗಳು ಕೊನೆಯ ಬಾರಿ ತಪಾಸಣೆ ಮಾಡಿದ್ದು ಎಂದು, ಈ ಮೂರನ್ನು ಬಿಳಿ ಹಾಳೆಯಲ್ಲಿ ಬರೆದು ಹತ್ತು ರೂಪಾಯಿ ಶುಲ್ಕದೊಡನೆ ಕಳುಹಿಸಬಹುದು.